-80 ಸಾಕೇ, -196 ಬೇಕೇ? ಕೋಶ, ವೀರ್ಯದ ಸ್ಟ್ರಾ, ಬಾಳೆಕುಡಿ, ಬ್ಯಾಟರಿ ಕೂಡಿಡುವ ಚರ್ಚೆ

ಹೊಸಚಿಗುರು

ಎಲ್ಲರಿಗೂ ನಮಸ್ಕಾರ. ಹೆಚ್‌ಇಕೆ 293 (ಲ್ಯಾಬಿನಲ್ಲಿ ಬೆಳೆಸುವ ಮಾನವ ಮೂತ್ರಪಿಂಡದ ತಳಿ) ಕೋಶಗಳನ್ನು ಕೂಡಿಡುವ ಬಗ್ಗೆ ಪ್ರಶ್ನೆ. 90% ಎಫ್‌ಬಿಎಸ್ (ಕರುವಿನ ಭ್ರೂಣದ ಸೀರಮ್), 10% ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶ ಕಾಯುವ ದ್ರಾವಕ), ಮಿಲಿಲೀಟರಿಗೆ 20 ಲಕ್ಷ ಕೋಶ, 1 ಮಿ.ಲೀ. ವಯಲ್. ಥರ್ಮೋಕೋಲ್ ಡಬ್ಬಿಯಲ್ಲಿಟ್ಟು ಸೀದಾ -80 ಫ್ರೀಜರಿಗೆ, ಆಮೇಲೂ ಅಲ್ಲೇ. ಮೊದಲ ತಿಂಗಳಲ್ಲಿ ತೆಗೆದ ವಯಲ್ ಚೆನ್ನಾಗಿ ಎದ್ದು ಫ್ಲಾಸ್ಕಿಗೆ ಅಂಟಿಕೊಳ್ಳುತ್ತೆ. ಅದೇ ಬ್ಯಾಚಿನದ್ದನ್ನು ಎಂಟು ತಿಂಗಳ ಮೇಲೆ ತೆಗೆದು ಟ್ರಿಪಾನ್ ಬ್ಲೂ (ಸತ್ತ ಕೋಶಕ್ಕೆ ಮಾತ್ರ ಹಿಡಿಯುವ ಬಣ್ಣ) ಹಾಕಿ ನೋಡಿದರೆ ಅರ್ಧಕ್ಕರ್ಧ ನೀಲಿ. ಫ್ರೀಜರಿನ ಡಿಸ್‌ಪ್ಲೇ ಯಾವಾಗ ನೋಡಿದರೂ -80. ಹೆಪ್ಪುಗಟ್ಟಿದ ಮೇಲೆ ಒಳಗೆ ಏನೂ ನಡೆಯಬಾರದಲ್ಲವೇ? ಹಾಗಾದರೆ ಇವು ಸಾಯುವುದು ಯಾವಾಗ?

ಹೆಪ್ಪು

> ಹೆಪ್ಪುಗಟ್ಟಿದ ಮೇಲೆ ಒಳಗೆ ಏನೂ ನಡೆಯಬಾರದಲ್ಲವೇ?

ಎಡವಿರುವುದು ಇಲ್ಲೇ. -80ರಲ್ಲಿ ವಯಲ್ ಕಲ್ಲಿನ ಹಾಗೆ ಕಂಡರೂ ಒಳಗೆ ಪೂರ್ತಿ ಕಲ್ಲಾಗಿರುವುದಿಲ್ಲ. ಮಂಜುಗಡ್ಡೆಯ ಹರಳು ಬರೀ ನೀರನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ಉಪ್ಪು, ಪ್ರೋಟೀನ್, ಡಿಎಂಎಸ್‌ಒ ಎಲ್ಲವನ್ನೂ ಆಚೆ ತಳ್ಳುತ್ತದೆ. ತಳ್ಳಿಸಿಕೊಂಡದ್ದೆಲ್ಲ ಹರಳುಗಳ ನಡುವಿನ ಸಂದಿಗಳಲ್ಲಿ ಗಟ್ಟಿಪಾಕವಾಗಿ ಉಳಿಯುತ್ತದೆ. ನಿಮ್ಮ ಕೋಶಗಳೂ ಆ ಸಂದಿಗಳಲ್ಲೇ ಸಿಕ್ಕಿಕೊಂಡಿರುತ್ತವೆ. ಈ ಪಾಕ ನಿಜವಾಗಿ ಗಾಜಿನಂತೆ ನಿಶ್ಚಲವಾಗುವುದು ಸುಮಾರು -120ರ ಆಸುಪಾಸಿನಲ್ಲಿ. ಶುದ್ಧ ನೀರಿಗಾದರೆ -137. ಅದಕ್ಕಿಂತ ಮೇಲಿದ್ದಷ್ಟು ಕಾಲ ಸಣ್ಣ ಹರಳುಗಳು ಕರಗಿ ಪಕ್ಕದ ದೊಡ್ಡ ಹರಳಿಗೆ ಕೂಡಿಕೊಳ್ಳುತ್ತಲೇ ಇರುತ್ತವೆ. ಬಹಳ ನಿಧಾನ, ಆದರೆ ಎಂಟು ತಿಂಗಳು ಅದಕ್ಕೆ ಧಾರಾಳ. ಹರಳು ದಪ್ಪಗಾದಂತೆ ಕೋಶದ ಪೊರೆಗೆ ತಿವಿತ.

ಇನ್ನು ಡಿಸ್‌ಪ್ಲೇ ತೋರಿಸುವುದು ಸೆನ್ಸರ್ ಇರುವ ಜಾಗದ ತಾಪಮಾನವನ್ನು. ಬಾಗಿಲು ತೆಗೆದು ಡಬ್ಬಿ ಹುಡುಕುವ ಎರಡು ನಿಮಿಷದಲ್ಲಿ ಮುಂದಿನ ಸಾಲಿನ ವಯಲ್ -60ಕ್ಕೋ -50ಕ್ಕೋ ಏರಿ ಇಳಿದಿರುತ್ತದೆ, ಸೆನ್ಸರಿಗೆ ಅದು ಗೊತ್ತೇ ಆಗುವುದಿಲ್ಲ. ಒಂದೊಂದು ಏರಿಳಿತಕ್ಕೂ ಹರಳು ಒಂದು ಸುತ್ತು ದಪ್ಪವಾಗುತ್ತದೆ.

-80 ಅನ್ನುವುದು ರಾತ್ರಿ ಉಳಿಯುವ ಛತ್ರ, ಮನೆಯಲ್ಲ. ಮಾರನೇ ದಿನ, ಹೆಚ್ಚೆಂದರೆ ಮೂರನೇ ದಿನ, -196ರ ದ್ರವ ಸಾರಜನಕದ ಟ್ಯಾಂಕಿಗೆ ಹೋಗಬೇಕು. ಅದರಲ್ಲೂ ದ್ರವದೊಳಗೆ ಮುಳುಗಿಸದೆ ಮೇಲಿನ ಆವಿಯಲ್ಲಿಡುವುದು ಮೇಲು. ಆವಿ -150ರಷ್ಟಿದ್ದರೂ ಗಾಜಾಗುವ ಗೆರೆಗಿಂತ ಕೆಳಗೇ ಇರುತ್ತದೆ.

ಎಂಟ್ರೊಪಿ

ಹೆಪ್ಪು ಹೇಳಿದ್ದು ಇಟ್ಟ ಮೇಲಿನ ಕಥೆ. ಇಡುವ ಮೊದಲೇ ಆಗುವ ಹಾನಿ ಇನ್ನೊಂದಿದೆ, ಥರ್ಮೋಕೋಲ್ ಡಬ್ಬಿ ಅಂದ ಕೂಡಲೇ ಅದರ ಮೇಲೆ ಅನುಮಾನ ಬರಬೇಕು.

10% ಡಿಎಂಎಸ್‌ಒ ಇರುವ ಮಾಧ್ಯಮ ಹೆಪ್ಪುಗಟ್ಟಬೇಕಾದದ್ದು ಸುಮಾರು -3ಕ್ಕೆ. ಆದರೆ ಮೊದಲ ಹರಳಿಗೆ ಒಂದು ಬೀಜ ಬೇಕು. ಸಣ್ಣ, ಸ್ವಚ್ಛ ವಯಲಿನಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ದ್ರವ ದ್ರವವಾಗಿಯೇ -15ರವರೆಗೂ ಇಳಿಯಬಹುದು. ಆಮೇಲೆ ಒಮ್ಮೆಲೇ ಗಟ್ಟಿಯಾಗುತ್ತದೆ. ಒಂದು ಗ್ರಾಂ ನೀರು ಮಂಜಾಗುವಾಗ 334 ಜೂಲ್ ಹೊರಬಿಡುತ್ತದೆ. -15ರಿಂದ -3ಕ್ಕೆ ಏರಲು ಗ್ರಾಮಿಗೆ 50 ಜೂಲ್ ಸಾಕು. ಅಂದರೆ ಶೇ. 15ರಷ್ಟು ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಮಂಜಾಗಿ, ವಯಲ್ ಮತ್ತೆ -3ಕ್ಕೆ ಜಿಗಿಯುತ್ತದೆ. ಸುತ್ತಲಿನ ಗಾಳಿ ಆ ಹೊತ್ತಿಗೆ ಬಹಳ ಕೆಳಗಿಳಿದಿರುತ್ತದೆ. ಮಿಕ್ಕ ನೀರು ಗಟ್ಟಿಯಾದ ಮೇಲೆ ವಯಲ್ ಸರ್ರನೆ ಜಾರುತ್ತದೆ. ನಿಮಿಷಕ್ಕೆ 1 ಡಿಗ್ರಿ ಎಂದು ನೀವು ಅಂದುಕೊಂಡದ್ದು ಬೇಕಾದ ಜಾಗದಲ್ಲೇ ಕೈಕೊಟ್ಟಿರುತ್ತದೆ.

ವೇಗ ಯಾಕೆ ಮುಖ್ಯ ಅಂದರೆ, ಎರಡು ಬೇರೆ ಬೇರೆ ಸಾವುಗಳಿವೆ. ಬೇಗ ತಣಿಸಿದರೆ ಕೋಶದೊಳಗಿನ ನೀರಿಗೆ ಹೊರಬರಲು ಹೊತ್ತು ಸಿಗದೆ ಒಳಗೇ ಹರಳುಗಟ್ಟುತ್ತದೆ. ತೀರಾ ನಿಧಾನ ಮಾಡಿದರೆ ಕೋಶ ಒಣದ್ರಾಕ್ಷಿಯ ಹಾಗೆ ಸುಕ್ಕಾಗಿ, ಗಟ್ಟಿ ಉಪ್ಪುನೀರಿನಲ್ಲಿ ಗಂಟೆಗಟ್ಟಲೆ ನೆನೆಯುತ್ತದೆ. ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದ ಪೀಟರ್ ಮಜೂರ್ ಮತ್ತು ಜೊತೆಗಾರರು 1972ರಲ್ಲಿ ಚೀನೀ ಹ್ಯಾಮ್‌ಸ್ಟರ್ ಕೋಶಗಳ ಮೇಲೆ ಇದನ್ನು ಅಳೆದು ತೋರಿಸಿದರು. ಬದುಕುಳಿಯುವ ಪ್ರಮಾಣವನ್ನು ವೇಗದ ಎದುರು ಬರೆದರೆ ಬೋರಲು ಹಾಕಿದ ಬೋಗುಣಿ ಸಿಗುತ್ತದೆ. ಬೋಗುಣಿಯ ತುದಿ ಎಲ್ಲಿ ಅನ್ನುವುದು ಕೋಶದಿಂದ ಕೋಶಕ್ಕೆ ಬೇರೆ. ಹೆಚ್‌ಇಕೆಯಂಥವಕ್ಕೆ ನಿಮಿಷಕ್ಕೆ 1 ಡಿಗ್ರಿ, ಭ್ರೂಣಕ್ಕೆ ಅದಕ್ಕೂ ನಿಧಾನ, ನೀರು ದಡದಡ ದಾಟುವ ಕೆಂಪು ರಕ್ತಕಣಕ್ಕೆ ಎಷ್ಟೋ ಪಟ್ಟು ವೇಗ.

ಅದಕ್ಕೇ ಭ್ರೂಣ ನಿಧಾನವಾಗಿ ಹೆಪ್ಪುಗಟ್ಟಿಸುವವರು -6, -7ಕ್ಕೆ ಬಂದಾಗ ನಿಲ್ಲಿಸಿ, ದ್ರವ ಸಾರಜನಕದಲ್ಲಿ ಅದ್ದಿದ ಚಿಮ್ಮಟವನ್ನು ಸ್ಟ್ರಾದ ಹೊರಗೋಡೆಗೆ ಮುಟ್ಟಿಸುತ್ತಾರೆ. ಮುಟ್ಟಿಸಿದ ಕಡೆ ಬಿಳಿ ಚುಕ್ಕೆ ಕಾಣಿಸಿ ಮೆಲ್ಲಗೆ ಹರಡುತ್ತದೆ. ಹರಳಿಗೆ ಬೀಜ ಬಿತ್ತುವುದು ಅಂದರೆ ಅದೇ.

ಹೊಸಚಿಗುರು

ಎಂಟ್ರೊಪಿ ಸರ್, ಹಾಗಾದರೆ ಥರ್ಮೋಕೋಲ್ ಡಬ್ಬಿ ಬಿಸಾಡಬೇಕೇ? ಪ್ರೋಗ್ರಾಮ್ ಮಾಡಬಹುದಾದ ಫ್ರೀಜರ್ ಇಲ್ಲದ ಕಡೆ ಏನು ಮಾಡುವುದು? ಡಿಎಂಎಸ್‌ಒ ವಿಷ ಅಂತಲೂ ಕೇಳಿದ್ದೇನೆ, 5%ಗೆ ಇಳಿಸಿದರೆ ಹೇಗೆ?

ಹೆಪ್ಪು

ಬಿಸಾಡಬೇಕಿಲ್ಲ, ಅಳೆಯಬೇಕು. ಒಂದು ವಯಲಿನಲ್ಲಿ ಕೋಶವಿಲ್ಲದೆ 10% ಡಿಎಂಎಸ್‌ಒ ಮಾಧ್ಯಮ 1 ಮಿ.ಲೀ. ಹಾಕಿ, ಮುಚ್ಚಳಕ್ಕೆ ತೂತು ಕೊರೆದು ಟಿ-ಟೈಪ್ ಥರ್ಮೋಕಪಲ್‌ನ (ತಂತಿಯಂಥ ತಾಪಮಾಪಕ) ತುದಿಯನ್ನು ದ್ರವದ ನಡುಮಧ್ಯಕ್ಕೆ ಇಳಿಸಿ, ಹತ್ತು ಸೆಕೆಂಡಿಗೊಮ್ಮೆ ದಾಖಲಿಸಿ. -5ರಿಂದ -40ರ ನಡುವೆ ಎಷ್ಟು ವೇಗ ಬರುತ್ತೆ ನೋಡಿ. ಡಬ್ಬಿಯ ಗೋಡೆ ಒಂದು ಸೆಂಟಿಮೀಟರ್ ತೆಳುವಾದರೂ, ಫ್ರೀಜರಿನ ತಳದ ಬದಲು ಮೇಲಿನ ತಟ್ಟೆಯಲ್ಲಿಟ್ಟರೂ ಗೆರೆ ಬದಲಾಗುತ್ತೆ. ಒಮ್ಮೆ ಅಳೆದ ಮೇಲೆ ಅದೇ ಡಬ್ಬಿ, ಅದೇ ಜಾಗ, ಅಷ್ಟೇ ಸಂಖ್ಯೆಯ ವಯಲ್. ನಾಲ್ಕೇ ವಯಲ್ ಇದ್ದರೆ ಮಿಕ್ಕ ಗುಳಿಗಳಿಗೆ ನೀರು ತುಂಬಿದ ವಯಲ್ ಇಡಿ.

ಐಸೊಪ್ರೊಪನಾಲ್ ಸುತ್ತುವರಿದಿರುವ ಡಬ್ಬಿ ಕೊಂಡರೆ ಇಷ್ಟು ತಲೆಬಿಸಿ ಇಲ್ಲ. ಆ ಸ್ಪಿರಿಟ್ ಹೆಪ್ಪುಗಟ್ಟುವುದು -89ಕ್ಕೆ, ಹಾಗಾಗಿ -80ರಲ್ಲೂ ದ್ರವವಾಗಿಯೇ ಇದ್ದು ಶಾಖವನ್ನು ಸಮನಾಗಿ ಬಿಡುತ್ತೆ. ಐದು ಸಲ ಬಳಸಿದ ಮೇಲೆ ಬದಲಾಯಿಸಿ, ಗಾಳಿಯ ತೇವ ಹೀರಿ ಹೀರಿ ನೀರಾಗಿರುತ್ತೆ. ಇದನ್ನು ಯಾರೂ ಪಾಲಿಸುವುದಿಲ್ಲ.

ಡಿಎಂಎಸ್‌ಒ ವಿಷಯ. 10% ಅಂದರೆ ಸುಮಾರು 1.4 ಮೋಲಾರ್. ಮಾಧ್ಯಮದ ಆಸ್ಮೊಲಾರಿಟಿ (ಕರಗಿದ ಕಣಗಳ ಸಾಂದ್ರತೆ) 290 ಇದ್ದದ್ದು ಒಮ್ಮೆಲೇ 1,700ರ ಹತ್ತಿರಕ್ಕೆ ಏರುತ್ತೆ. ಕೋಶಕ್ಕೆ ಪೆಟ್ಟು ಬೀಳುವುದು ಬಹುಪಾಲು ಈ ಜಿಗಿತದಿಂದ ಮತ್ತು ಬೆಚ್ಚಗಿರುವಾಗ ಅದರಲ್ಲಿ ಕೂತಿರುವ ಹೊತ್ತಿನಿಂದ. ಸುಮ್ಮನೆ 5%ಗೆ ಇಳಿಸಿದರೆ ಸಂದಿಯ ಪಾಕದಲ್ಲಿ ಉಪ್ಪಿನ ಪಾಲು ಜಾಸ್ತಿಯಾಗುತ್ತೆ, ಅಲ್ಲಿ ಸಾಯುತ್ತವೆ. ಸಿಹಿ ತಿಂದರೆ ಸಕ್ಕರೆ ಕಾಯಿಲೆ ಅಂತ ಊಟ ಬಿಟ್ಟ ಹಾಗೆ. ಕ್ರಮ ಹೀಗಿರಲಿ:

ಕೋಶಗಳು ಜೋರಾಗಿ ಬೆಳೆಯುತ್ತಿರುವಾಗಲೇ, ಅಂದರೆ ಫ್ಲಾಸ್ಕ್ 70–80% ತುಂಬಿದಾಗ ಎತ್ತಬೇಕು. ತುಂಬಿ ತುಳುಕಿದ ಫ್ಲಾಸ್ಕಿನ ಕೋಶ ಬೇಡ. ಹಿಂದಿನ ದಿನ ಮಾಧ್ಯಮ ಬದಲಾಯಿಸಿರಿ. ಟ್ರಿಪಾನ್ ಬ್ಲೂನಲ್ಲಿ ಜೀವಂತ 90%ಗಿಂತ ಕಡಿಮೆ ಬಂದರೆ ಆ ಬ್ಯಾಚ್ ಹೆಪ್ಪುಗಟ್ಟಿಸುವುದೇ ಬೇಡ. ಡಿಎಂಎಸ್‌ಒವನ್ನು ಸೀರಮ್ಮಿಗೆ ಬೆರೆಸುವ ಕೆಲಸ ಮೊದಲೇ ಮುಗಿಸಿ 4 ಡಿಗ್ರಿಗೆ ತಣ್ಣಗಾಗಲು ಬಿಡಿ. ಬೆರೆಸುವಾಗ ಟ್ಯೂಬ್ ಕೈಗೆ ಬಿಸಿ ತಾಗುತ್ತೆ, ಆ ಬಿಸಿ ಕೋಶದ ಮೇಲೆ ಬೀಳಬಾರದು. ಆಮೇಲೆ ಕೋಶಗಳ ಮೇಲೆ ಹನಿಹನಿಯಾಗಿ ಹಾಕಿ, ವಯಲಿಗೆ ತುಂಬಿ, ಹತ್ತು ನಿಮಿಷದೊಳಗೆ ಡಬ್ಬಿ -80 ಸೇರಬೇಕು.

ಅಂದಹಾಗೆ ಡಿಎಂಎಸ್‌ಒ 18.5 ಡಿಗ್ರಿಗೇ ಗಟ್ಟಿಯಾಗುತ್ತೆ. ಎಸಿ ಕೋಣೆಯಲ್ಲಿ ಬಾಟಲಿ ಕಲ್ಲಾಗಿ ಕೂತಿದ್ದರೆ ಕೆಟ್ಟಿದೆ ಅಂತ ಚೆಲ್ಲಬೇಡಿ. ಅರ್ಧ ಕರಗಿದಾಗ ಮೇಲಿನದ್ದನ್ನು ಪಿಪೆಟ್‌ನಲ್ಲಿ ಎಳೆಯಲೂ ಬೇಡಿ, ಪೂರ್ತಿ ಕರಗಲಿ.

ಸ್ಟ್ರಾ_ಬೆಳವಡಿ

ಲ್ಯಾಬಿನ ಮಾತು ಆತು. ಸ್ಟ್ರಾ ಇಡೋ ಸಾರಜನಕದ ಕ್ಯಾನಿನ ಬಗ್ಗೆ ಯಾರೂ ಹೇಳವಲ್ರು, ಅದಕ್ಕ ನಾ ಹೇಳತೇನಿ. ನಮ್ಮಲ್ಲೆ ಕೃತಕ ಗರ್ಭಧಾರಣೆಗೆ ಬಳಸೂದು 0.25 ಮಿ.ಲೀ. ಸ್ಟ್ರಾ. ಒಂದೊಂದರಾಗ ಸುಮಾರು 2 ಕೋಟಿ ವೀರ್ಯಾಣು. ತತ್ತಿ ಹಳದಿ, ಟ್ರಿಸ್, 6–7% ಗ್ಲಿಸರಾಲ್ ಇರೋ ದ್ರಾವಣ. 4 ಡಿಗ್ರಿಯೊಳಗ ನಾಕು ತಾಸು ಕುಂಡ್ರಿಸಿ, ಆಮ್ಯಾಲೆ ಸಾರಜನಕದ ಮ್ಯಾಲೆ 4–5 ಸೆಂ.ಮೀ. ಎತ್ತರದಾಗ ಆವಿಯೊಳಗ ಹತ್ತು ನಿಮಿಷ, ಆಮ್ಯಾಲೆ ಒಳಗ ಮುಳುಗಸೂದು. ಇದು ಹಳೇ ಪದ್ಧತಿ. ಹೆಸರಘಟ್ಟದಂಥಾ ದೊಡ್ಡ ಕೇಂದ್ರದಾಗ ಇದನ್ನ ಮಶಿನ್ ಮಾಡತೈತಿ.

ಇನ್ನ ಹೊಲದಾಗ ಆಗೋ ತಪ್ಪು. ಸ್ಟ್ರಾ ಎತ್ತೂವಾಗ ಕ್ಯಾನಿಸ್ಟರ್ (ಸ್ಟ್ರಾ ತುಂಬಿದ ಉದ್ದ ಡಬ್ಬಿ) ಕ್ಯಾನಿನ ಕುತ್ತಿಗಿ ದಾಟಿ ಹೊರಗ ಬರಬಾರದು, ಬಾಯಿಂದ ನಾಕು ಬೆರಳ ಕೆಳಗ ಇರಬೇಕು. ಬೇಕಾದ ಸ್ಟ್ರಾ ಹತ್ತು ಸೆಕೆಂಡಿನೊಳಗ ಸಿಗಲಿಲ್ಲಂದ್ರ ತಿರುಗಿ ಇಳಸ್ರಿ, ಅರ್ಧ ನಿಮಿಷ ತಡೀರಿ, ಮತ್ತ ಎತ್ರಿ. ಎತ್ತಿ ಹಿಡಕೊಂಡು ಹೋರಿ ನಂಬರ್ ಓದಕೋತ ನಿಂತ್ರ ನಿಮ್ಮ ಕೈಯಾಗಿನ ಸ್ಟ್ರಾ ಅಷ್ಟ ಅಲ್ಲ, ಆ ಗೋಬ್ಲೆಟ್ಟಿನಾಗಿನ (ಕ್ಯಾನಿಸ್ಟರ್ ಒಳಗಿನ ಸಣ್ಣ ಬಟ್ಟಲ) ಎಲ್ಲಾ ಸ್ಟ್ರಾನೂ ಬೆಚ್ಚಗಾಗತಾವು. ಸ್ಟ್ರಾ ಸಣ್ಣದ, ಅದರೊಳಗ ತಂಪು ಹಿಡಿದಿಡೂವಷ್ಟು ಸರಕ ಇಲ್ಲ. ಹಾನಿ ಅವತ್ತ ಕಾಣೂದಿಲ್ಲ. ಮೂರು ವಾರಕ್ಕ ಆಕಳ ತಿರುಗಿ ಬೆದಿಗೆ ಬಂದಾಗ ಹೋರಿ ಸರಿ ಇಲ್ಲ ಅಂತಾರ.

ಕರಗಸೂದು 37 ಡಿಗ್ರಿ ನೀರಾಗ 30 ಸೆಕೆಂಡ್. ಅಂಗೈಯಾಗ ತಿಕ್ಕಿ, ಕಿಸೆದಾಗ ಇಟ್ಟು ಕರಗಸಬ್ಯಾಡ್ರಿ. ತಗದ ಮ್ಯಾಲೆ ಒಂದ ಹನಿ ನೀರೂ ಉಳೀದಂಗ ಒರಸ್ರಿ. ಬರೀ ನೀರು ತಾಗಿದ್ರ ವೀರ್ಯಾಣು ಉಬ್ಬಿ ಸಾಯತಾವು. ಸೀಲ್ ಇದ್ದ ತುದಿ ಸೀದಾ ಕತ್ತರಸ್ರಿ. ಓರೆ ಕತ್ತರಿಸಿದ್ರ ಶೀತ್ (ಗನ್ನಿನ ಮ್ಯಾಲಿನ ಪ್ಲಾಸ್ಟಿಕ್ ಕವಚ) ಒಳಗ ಸರಿಯಾಗಿ ಕೂಡೂದಿಲ್ಲ, ಹಿಂದ ಸೋರತೈತಿ. ಚಳಿಗಾಲದಾಗ ವೀರ್ಯ ಬಿಡೋ ಗನ್ ತಣ್ಣಗಿರತೈತಿ, ತಿಕ್ಕಿ ಬೆಚ್ಚಗ ಮಾಡಿ ಸ್ಟ್ರಾ ಹಾಕ್ರಿ. ಹದಿನೈದು ನಿಮಿಷದೊಳಗ ಮುಗೀಬೇಕು.

ಹೆಪ್ಪು

ಬೆಳವಡಿಯವರು ಹೇಳಿದ ಕರಗಿಸುವ ಮಾತು ಲ್ಯಾಬಿಗೂ ಅನ್ವಯ. ನಿಧಾನಕ್ಕೆ ಇಳಿಸಬೇಕು, ಬೇಗ ಏರಿಸಬೇಕು. ಏರುವಾಗ ನಿಧಾನ ಮಾಡಿದರೆ -100ರಿಂದ -20ರವರೆಗಿನ ದಾರಿಯಲ್ಲಿ ಹರಳು ಮತ್ತೆ ಬೆಳೆಯುತ್ತೆ. ವಯಲ್ ಅನ್ನು 37 ಡಿಗ್ರಿ ನೀರಿನಲ್ಲಿ ಮುಚ್ಚಳ ಮುಳುಗದ ಹಾಗೆ ಹಿಡಿದು ಅಲ್ಲಾಡಿಸುತ್ತಿರಿ. ಒಂದರಿಂದ ಎರಡು ನಿಮಿಷ. ಹುರುಳಿಕಾಳಿನಷ್ಟು ಮಂಜು ಉಳಿದಾಗ ತೆಗೆದುಬಿಡಿ. 9 ಮಿ.ಲೀ. ಬೆಚ್ಚಗಿನ ಮಾಧ್ಯಮವನ್ನು ಮೊದಲು ಹನಿಹನಿಯಾಗಿ, ಆಮೇಲೆ ಸ್ವಲ್ಪ ಬೇಗ ಸೇರಿಸಿ. ಒಂದೇ ಸಲ ಸುರಿದರೆ ಒಳಗಿನ ಡಿಎಂಎಸ್‌ಒ ಹೊರಬರುವ ಮೊದಲೇ ನೀರು ಒಳನುಗ್ಗಿ ಕೋಶ ಬಿರಿಯುತ್ತೆ. ಸೆಂಟ್ರಿಫ್ಯೂಜ್‌ನಲ್ಲಿ 200 ಜಿಯಲ್ಲಿ (ಗುರುತ್ವದ 200 ಪಟ್ಟು ಬಲ) 5 ನಿಮಿಷ ತಿರುಗಿಸಿ, ಮೇಲಿನದ್ದನ್ನು ತೆಗೆದು, ಹೊಸ ಮಾಧ್ಯಮದಲ್ಲಿ ಎಬ್ಬಿಸಿ.

ಇನ್ನೊಂದು. ಎದ್ದ ಕೂಡಲೇ ಹಾಕಿದ ಟ್ರಿಪಾನ್ ಬ್ಲೂ ನಂಬಬೇಡಿ. ಆಗ ಪೊರೆ ಗಟ್ಟಿಯಿದ್ದೂ ಮಾರನೇ ದಿನ ಸಾಯುವ ಕೋಶಗಳು ಬಹಳ ಇರುತ್ತವೆ. 24 ಗಂಟೆಯ ಮೇಲೆ ಎಷ್ಟು ಅಂಟಿಕೊಂಡಿವೆ ಅಂತ ಎಣಿಸಿ.

ಕೆಂಪುಕಣ

ಇಡೀ ಚರ್ಚೆ "ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದು" ಅನ್ನುವ ಕಡೆ ವಾಲುತ್ತಿದೆ. ರಕ್ತನಿಧಿಯ ಕಡೆಯಿಂದ ಒಂದು ತಕರಾರು. ಕೆಂಪುಕಣಗಳನ್ನು ನಾವು ಇಡುವುದು 2ರಿಂದ 6 ಡಿಗ್ರಿಯಲ್ಲಿ, ಸಿಪಿಡಿಎ-1 (ರಕ್ತ ಕಾಪಿಡುವ ದ್ರಾವಣ) ಇರುವ ಚೀಲದಲ್ಲಿ 35 ದಿನ, ಎಸ್‌ಎಜಿಎಂ ಪೋಷಕ ದ್ರಾವಣ ಸೇರಿಸಿದರೆ 42 ದಿನ. ಹೆಪ್ಪುಗಟ್ಟಿಸಬಹುದು, 40% ಗ್ಲಿಸರಾಲ್ ಹಾಕಿ -65ಕ್ಕಿಂತ ಕೆಳಗೆ ಹತ್ತು ವರ್ಷ ಇಡುತ್ತಾರೆ. ಆದರೆ ಕರಗಿಸಿ ಗ್ಲಿಸರಾಲ್ ತೊಳೆಯುವ ಕೆಲಸ ಎಷ್ಟಿದೆ ಅಂದರೆ ಅಪರೂಪದ ಗುಂಪಿನ ರಕ್ತಕ್ಕೆ ಬಿಟ್ಟರೆ ಯಾರೂ ಆ ಗೋಜಿಗೆ ಹೋಗುವುದಿಲ್ಲ.

ಪ್ಲೇಟ್‌ಲೆಟ್ ಇನ್ನೂ ಉಲ್ಟಾ. 20–24 ಡಿಗ್ರಿಯಲ್ಲಿ ಸದಾ ತೂಗಾಡುವ ತಟ್ಟೆಯ ಮೇಲೆ 5 ದಿನ. ಫ್ರಿಜ್‌ಗೆ ಇಟ್ಟರೆ ಅವುಗಳ ಮೇಲ್ಮೈಯ ಪ್ರೋಟೀನ್‌ಗಳು ಗುಂಪುಗೂಡುತ್ತವೆ. ರೋಗಿಯ ಮೈಗೆ ಹೋದ ಮೇಲೆ ಯಕೃತ್ತು ಅವನ್ನು ಬೇಗ ಹೆಕ್ಕಿ ತೆಗೆದುಬಿಡುತ್ತದೆ. ತೂಗಾಡಿಸುವುದನ್ನು ನಿಲ್ಲಿಸಿದರೆ ಆಮ್ಲಜನಕ ಸಾಲದೆ ಲ್ಯಾಕ್ಟಿಕ್ ಆಮ್ಲ ಕೂಡಿ ಪಿಹೆಚ್ ಇಳಿಯುತ್ತದೆ. ಬೆಚ್ಚಗಿರುವುದರಿಂದ ಬ್ಯಾಕ್ಟೀರಿಯಾ ಭಯ ಬೇರೆ, ಆಯಸ್ಸು ಐದೇ ದಿನ ಆಗಿರುವುದಕ್ಕೆ ಮುಖ್ಯ ಕಾರಣ ಅದೇ. ಯಾವ ಕೋಶಕ್ಕೆ ಯಾವುದು ಅನ್ನುವುದನ್ನು ಮೊದಲು ಕೇಳಿ, ಆಮೇಲೆ ಥರ್ಮಾಮೀಟರ್ ನೋಡಿ.

ಸುಳಿಬಾಳೆ

ಗಿಡದ ಕಡೆಯದ್ದೂ ಸೇರಲಿ. ಭತ್ತ, ರಾಗಿಯಂಥ ಬೀಜ ಸುಲಭ. ತೇವ 3–7%ಗೆ ಒಣಗಿಸಿ, ಗಾಳಿಯಾಡದ ಚೀಲದಲ್ಲಿ -18ಕ್ಕೆ ಇಟ್ಟರೆ ದಶಕಗಟ್ಟಲೆ ಮೊಳೆಯುವ ಶಕ್ತಿ ಉಳಿಯುತ್ತೆ. ಸ್ವಾಲ್‌ಬಾರ್ಡಿನ ಬೀಜಕೋಠಿಯೂ -18ರದ್ದೇ. ಹಲಸು, ಮಾವಿನ ಬೀಜ ಹಾಗಲ್ಲ, ಒಣಗಿಸಿದರೇ ಸಾಯುತ್ತವೆ. ನಾವು ತಿನ್ನುವ ಬಾಳೆಗಂತೂ ಬೀಜವೇ ಇಲ್ಲ. ನಂಜನಗೂಡು ರಸಬಾಳೆಯಂಥ ತಳಿ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ತೋಟದಿಂದ ಮರೆಯಾದರೆ ಬೀಜದ ಡಬ್ಬಿಯಿಂದ ವಾಪಸ್ ತರಲಾಗದು. ಕುಡಿಯನ್ನೇ ಕೂಡಿಡಬೇಕು.

ಇಲ್ಲಿ ಹೆಪ್ಪು ಹೇಳಿದ "ನಿಧಾನಕ್ಕೆ ಇಳಿಸಿ" ನಡೆಯುವುದಿಲ್ಲ. ಹರಳೇ ಕಟ್ಟದ ಹಾಗೆ ಒಮ್ಮೆಲೇ ಗಾಜು ಮಾಡಬೇಕು. 1985ರಲ್ಲಿ ರಾಲ್ ಮತ್ತು ಫಾಹಿ ಇಲಿಯ ಭ್ರೂಣದಲ್ಲಿ ಮಾಡಿ ತೋರಿಸಿದ ದಾರಿ ಇದು. ಗಿಡಗಳಿಗೆ ಸಕಾಯ್ ಅವರ ಪಿವಿಎಸ್2 ದ್ರಾವಣ ಇವತ್ತಿಗೂ ಚಾಲ್ತಿಯಲ್ಲಿದೆ. 0.4 ಮೋಲಾರ್ ಸುಕ್ರೋಸ್ ಇರುವ ಮಾಧ್ಯಮದಲ್ಲಿ 30% ಗ್ಲಿಸರಾಲ್, 15% ಎಥಿಲೀನ್ ಗ್ಲೈಕಾಲ್, 15% ಡಿಎಂಎಸ್‌ಒ. ಪಾಕದಷ್ಟು ಮಂದ, ಕುಡಿ ಹಾಕಿದರೆ ಮೊದಲು ತೇಲಿ ಆಮೇಲೆ ಮುಳುಗುತ್ತೆ.

ಬಾಳೆಯ ಕ್ರಮ: ಅಂಗಾಂಶ ಕೃಷಿಯ ಸಸಿಯಿಂದ ಸುಮಾರು 1 ಮಿ.ಮೀ. ಬೆಳೆತುದಿಯನ್ನು ಸೂಕ್ಷ್ಮದರ್ಶಕದಡಿ ಬಿಡಿಸಬೇಕು, ಬೆಳವಣಿಗೆಯ ಗುಮ್ಮಟವನ್ನು ಒಂದೆರಡು ಎಳೆಯೆಲೆ ಅರ್ಧ ಮುಚ್ಚಿರಬೇಕು. 2 ಮೋಲಾರ್ ಗ್ಲಿಸರಾಲ್, 0.4 ಮೋಲಾರ್ ಸುಕ್ರೋಸ್‌ನಲ್ಲಿ 20 ನಿಮಿಷ. ಆಮೇಲೆ ಮಂಜಿನ ಮೇಲಿಟ್ಟ ಪಿವಿಎಸ್2ನಲ್ಲಿ 30ರಿಂದ 50 ನಿಮಿಷ. ಅಲ್ಯೂಮಿನಿಯಂ ಹಾಳೆಯ ಸಣ್ಣ ಪಟ್ಟಿಯ ಮೇಲೆ ಪಿವಿಎಸ್2ನ 15 ಮೈಕ್ರೊಲೀಟರ್ ಹನಿ, ಹನಿಯೊಳಗೆ ಕುಡಿ, ಪಟ್ಟಿ ಸೀದಾ ಸಾರಜನಕಕ್ಕೆ. ಅದ್ದಿದಾಗ ಹನಿ ಪಾರದರ್ಶಕವಾಗಿಯೇ ಉಳಿದರೆ ಗಾಜಾಗಿದೆ. ಹಾಲಿನ ಹಾಗೆ ಬೆಳ್ಳಗಾದರೆ ಹರಳು ಕಟ್ಟಿದೆ, ಆ ಪಟ್ಟಿಯ ಮೇಲೆ ಆಸೆ ಬೇಡ. ಎಬ್ಬಿಸುವಾಗ ಕೋಣೆಯ ಉಷ್ಣತೆಯ 1.2 ಮೋಲಾರ್ ಸುಕ್ರೋಸ್‌ಗೆ ಪಟ್ಟಿಯನ್ನು ಅದ್ದಿ 15 ನಿಮಿಷ ಬಿಡಿ. ಮೊದಲ ವಾರ ಕತ್ತಲಲ್ಲಿ ಇಡಿ.

ಕೆಲಸ ಕೆಡುವುದು ಹೆಚ್ಚಾಗಿ ಪಿವಿಎಸ್2ನ ಹೊತ್ತಿನಲ್ಲಿ. 20 ನಿಮಿಷಕ್ಕೇ ತೆಗೆದರೆ ಒಳಗೆ ನೀರು ಉಳಿದು ಹರಳು, ಒಂದೂವರೆ ಗಂಟೆ ಬಿಟ್ಟರೆ ವಿಷ. ಅದಕ್ಕೇ ತಳಿ ಬದಲಾದಾಗಲೆಲ್ಲ 30, 40, 50 ನಿಮಿಷದ ಮೂರು ಗುಂಪು ಮಾಡಿ, ಸಾರಜನಕಕ್ಕೆ ಹಾಕದ ಒಂದೊಂದು ಜೊತೆಗುಂಪನ್ನೂ ಇಟ್ಟು ನೋಡಬೇಕು. ಇಲ್ಲದಿದ್ದರೆ ಕುಡಿ ಸತ್ತದ್ದು ದ್ರಾವಣದಿಂದಲೋ ಚಳಿಯಿಂದಲೋ ಎಂದು ತಿಳಿಯುವುದೇ ಇಲ್ಲ.

ಎಂಟ್ರೊಪಿ

ಸುಳಿಬಾಳೆಯ ಹನಿ 15 ಮೈಕ್ರೊಲೀಟರ್ ಅನ್ನುವುದನ್ನು ಗಮನಿಸಿ. ಗಾಜಾಗಿಸುವ ವಿದ್ಯೆ ಇಷ್ಟು ವರ್ಷ ಸಣ್ಣದಕ್ಕೇ ಸೀಮಿತವಾಗಿ ಉಳಿದದ್ದಕ್ಕೆ ಇದೇ ಕಾರಣ. ದೊಡ್ಡ ವಸ್ತುವಿನ ಹೊರಮೈ ಬೆಚ್ಚಗಾಗುವಾಗ ನಡುಭಾಗ ಇನ್ನೂ -120ರಲ್ಲಿರುತ್ತದೆ. ಒಂದು ಕಡೆ ಹರಳು ಕಟ್ಟುತ್ತದೆ, ಇನ್ನೊಂದು ಕಡೆ ಬಿರುಕು ಬಿಡುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದವರು 2023ರಲ್ಲಿ ಇಲಿಯ ಮೂತ್ರಪಿಂಡದ ರಕ್ತನಾಳಗಳಿಗೆ ಕಬ್ಬಿಣದ ಆಕ್ಸೈಡಿನ ನ್ಯಾನೊಕಣ ತುಂಬಿ, ಗಾಜಾಗಿಸಿ, 100 ದಿನದವರೆಗೂ ಇಟ್ಟು, ಕಾಂತಕ್ಷೇತ್ರವನ್ನು ಅತ್ತಿತ್ತ ಆಡಿಸಿ ಒಳಗಿನಿಂದಲೇ ಸಮನಾಗಿ ಬಿಸಿ ಮಾಡಿದರು. ಕಸಿ ಮಾಡಿದ ಮೇಲೆ ಅವು ಕೆಲಸ ಮಾಡಿದವು. ಇಳಿಸುವುದಕ್ಕಿಂತ ಏರಿಸುವುದೇ ಕಷ್ಟ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ನನ್ನ ಓಣಿಗೆ ಬರುತ್ತೇನೆ. ಅಂಗಡಿಯಲ್ಲಿ ಕೊಡುವುದನ್ನೂ ಸೆಲ್ ಅಂತೀವಿ, ಫ್ಲಾಸ್ಕಿನಲ್ಲಿ ಬೆಳೆಯುವುದನ್ನೂ ಸೆಲ್ ಅಂತೀವಿ. ಲಿಥಿಯಂ ಬ್ಯಾಟರಿಯವರು ಜೀವಶಾಸ್ತ್ರದವರಿಂದ ಒಂದು ವಿದ್ಯೆಯನ್ನೇ ಎತ್ತಿಕೊಂಡಿದ್ದಾರೆ. ಚಾರ್ಜ್ ಮಾಡುವಾಗ ಲಿಥಿಯಂ ಸೂಜಿಸೂಜಿಯಾಗಿ ಬೆಳೆದು ಸೆಲ್ ಕೆಡಿಸುತ್ತದಲ್ಲ, ಆ ಸೂಜಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬಿಡಿಬಿಡಿಯಾಗಿ ನೋಡಲು ಆಗುತ್ತಿರಲಿಲ್ಲ. ಗಾಳಿ ಸೋಕಿದರೆ ಕೂಡಲೇ ಕೆಡುತ್ತದೆ, ಎಲೆಕ್ಟ್ರಾನ್ ಕಿರಣ ಬಿದ್ದರೆ ಕರಗುತ್ತದೆ. ಪ್ರೋಟೀನ್ ನೋಡಲು ನೀರನ್ನು ಗಾಜಾಗಿಸುವ ವಿದ್ಯೆಗೆ 2017ರ ರಸಾಯನಶಾಸ್ತ್ರ ನೊಬೆಲ್ ಬಂತು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ಯಿ ಕುಯಿ ಅವರ ಗುಂಪು ಲಿಥಿಯಂ ಅನ್ನು ಗಾಳಿ ಸೋಕದಂತೆ ದ್ರವ ಸಾರಜನಕಕ್ಕೆ ಅದ್ದಿ, ಚಳಿಯಲ್ಲೇ ಇಟ್ಟು, ಸೂಜಿಯ ಪರಮಾಣುಗಳ ಸಾಲನ್ನೇ ಎಣಿಸುವ ಹಾಗೆ ಚಿತ್ರ ತೆಗೆಯಿತು. ಪ್ರೋಟೀನಿನವರಿಗೆ ದ್ರವ ಸಾರಜನಕ ಆಗದು, ಅದು ಕುದಿದು ಆವಿಯ ಹೊದಿಕೆ ಕಟ್ಟಿ ತಣಿಯುವುದನ್ನು ತಡೆಯುತ್ತದೆ, ಅದಕ್ಕೇ ಅವರು ದ್ರವ ಈಥೇನ್ ಬಳಸುತ್ತಾರೆ. ಲಿಥಿಯಂನಲ್ಲಿ ಹರಳಾಗಲು ನೀರೇ ಇಲ್ಲವಾದ್ದರಿಂದ ಸಾರಜನಕವೇ ಸಾಕಾಯಿತು.

ಮನೆಯ ಲಿಥಿಯಂ ಸೆಲ್‌ಗೆ ಮಾತ್ರ ಈ ಚಳಿ ಬೇಡ. 40–50% ಚಾರ್ಜ್, 15–25 ಡಿಗ್ರಿ, ಅಷ್ಟೇ. ಪೂರ್ತಿ ತುಂಬಿಸಿ ಬೇಸಿಗೆಯಲ್ಲಿ ಕಾರಿನೊಳಗೆ ಬಿಟ್ಟರೆ ಎಲೆಕ್ಟ್ರೊಲೈಟ್ ಬೇಗ ಕೆಡುತ್ತದೆ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಗ್ರಾಫೈಟಿನ ಒಳಗೆ ಸೇರುವ ಬದಲು ಮೇಲೆಯೇ ಲೇಪವಾಗಿ ಕೂರುತ್ತದೆ.

ಹೊಸಚಿಗುರು

ದ್ರವ ಸಾರಜನಕದಲ್ಲೇ ವಿದ್ಯುತ್ ಕೂಡಿಡುತ್ತಾರೆ ಅಂತ ಓದಿದ ನೆನಪು. ನಿಜವೇ?

ಎಂಟ್ರೊಪಿ

ಬರೀ ಸಾರಜನಕ ಅಲ್ಲ, ಗಾಳಿಯನ್ನೇ. ವಿದ್ಯುತ್ ಹೆಚ್ಚಿರುವಾಗ ಗಾಳಿಯನ್ನು ಒತ್ತಿ, ತಣಿಸಿ, -194ರಲ್ಲಿ ದ್ರವ ಮಾಡಿ ಟ್ಯಾಂಕಿನಲ್ಲಿಡುವುದು. ಬೇಕಾದಾಗ ಪಂಪ್ ಮಾಡಿ ಬಿಸಿ ತಾಗಿಸಿದರೆ 700 ಪಟ್ಟು ಹಿಗ್ಗಿ ಟರ್ಬೈನ್ ತಿರುಗಿಸುತ್ತದೆ. ಇಂಗ್ಲೆಂಡಿನ ಬ್ಯೂರಿ ಬಳಿಯ ಪಿಲ್ಸ್‌ವರ್ತ್‌ನಲ್ಲಿ 2018ರಲ್ಲಿ 5 ಮೆಗಾವ್ಯಾಟ್, 15 ಮೆಗಾವ್ಯಾಟ್-ಗಂಟೆಯ ಘಟಕ ಶುರುವಾಯಿತು. ಹಾಕಿದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ವಾಪಸ್ ಸಿಗುತ್ತದೆ, ಅದೂ ಒತ್ತುವಾಗಿನ ಬಿಸಿಯನ್ನೂ ಆವಿಯಾಗುವಾಗಿನ ತಂಪನ್ನೂ ಕೂಡಿಟ್ಟು ಮತ್ತೆ ಬಳಸಿದರೆ. ಜಲ್ಲಿಕಲ್ಲು ತುಂಬಿದ ತೊಟ್ಟಿಯಲ್ಲಿ ತಂಪು ಹಿಡಿದಿಡುತ್ತಾರೆ. ಆ ತೊಟ್ಟಿ ಸೋರಿದರೆ ಲೆಕ್ಕವೇ ಕುಸಿಯುತ್ತದೆ.

ಸಣ್ಣ ಕ್ಯಾನಿನ ಲೆಕ್ಕವೂ ಇದೇ ಭೌತಶಾಸ್ತ್ರ. 1 ಲೀಟರ್ ಸಾರಜನಕ 0.81 ಕಿಲೊ, ಆವಿಯಾಗಲು ಸುಮಾರು 160 ಕಿಲೊಜೂಲ್ ಬೇಕು. ದಿನಕ್ಕೆ 0.2 ಲೀಟರ್ ಕಳೆಯುವ ಕ್ಯಾನಿನ ಒಳಗೆ ನುಗ್ಗುತ್ತಿರುವ ಶಾಖ 0.4 ವ್ಯಾಟ್ ಕೂಡ ಇಲ್ಲ. ಎರಡು ಗೋಡೆಯ ನಡುವಿನ ನಿರ್ವಾತ ಮಾಡುವ ಕೆಲಸ ಅದು.

ಸ್ಟ್ರಾ_ಬೆಳವಡಿ

ಆ ನಿರ್ವಾತ ಹೋದ್ರ ಮುಗೀತು. ಕ್ಯಾನಿನ ಹೊರಮೈ ಮ್ಯಾಲೆ, ಅದರಾಗೂ ಕುತ್ತಿಗಿ ಸುತ್ತ, ಬೆಳಿಗ್ಗೆ ಬೆವರು ಇಲ್ಲಾ ಬಿಳಿ ಮಂಜು ಕಂಡ್ರ ಅವತ್ತ ಮಾಲು ಬ್ಯಾರೆ ಕ್ಯಾನಿಗೆ ಸಾಗಸ್ರಿ. ನಾಳಿಗಂತ ತಡೀಬ್ಯಾಡ್ರಿ. ಇನ್ನ ಒಂದು: ಕಣ್ಣಿಗೆ ಕಾಣೂಮೊದಲ ತೂಕ ಹೇಳತೈತಿ. ಇವತ್ತ ತೂಕ ಮಾಡ್ರಿ, 24 ತಾಸಿನ ಮ್ಯಾಲೆ ಮತ್ತ ಮಾಡ್ರಿ. 160 ಗ್ರಾಂ ಇಳದ್ರ 0.2 ಲೀಟರ್ ಹೋತು. ಕಂಪನಿ ಹೇಳಿದ್ದಕ್ಕಿಂತ ಇದು ದುಪ್ಪಟ್ಟಾದ್ರ ಕ್ಯಾನ್ ಮುದುಕ ಆಗೈತಿ. ಮುಚ್ಚಳದ ಥರ್ಮೋಕೋಲ್ ಸವದಿದ್ರೂ ಹಿಂಗ ಆಗತೈತಿ, ಮೊದಲ ಅದನ್ನ ನೋಡ್ರಿ. ಬಾಯಿ ಗಟ್ಟಿ ಬಿಗಿದು ಮಾತ್ರ ಮುಚ್ಚಬ್ಯಾಡ್ರಿ, ಆವಿಗೆ ದಾರಿ ಬೇಕು, ಇಲ್ಲಂದ್ರ ಸಿಡೀತೈತಿ.

ಹೆಪ್ಪು

ಆವಿಯ ಮಾತು ಬಂತು, ಆದ್ದರಿಂದ ಇದು. 1 ಲೀಟರ್ ದ್ರವ ಕೋಣೆಯ ಉಷ್ಣತೆಯಲ್ಲಿ 690 ಲೀಟರಿಗೂ ಹೆಚ್ಚು ಅನಿಲವಾಗುತ್ತೆ. 3 ಮೀಟರ್ ಉದ್ದಗಲ ಎತ್ತರದ, ಕಿಟಕಿ ಮುಚ್ಚಿದ ಕೋಣೆಯಲ್ಲಿ 10 ಲೀಟರ್ ಚೆಲ್ಲಿದರೆ ಆಮ್ಲಜನಕ 21%ರಿಂದ 16%ರ ಆಸುಪಾಸಿಗೆ ಇಳಿಯುತ್ತೆ. 19.5%ಗಿಂತ ಕೆಳಗೆ ಯಾರೂ ಒಳಗಿರಬಾರದು. ಉಸಿರುಕಟ್ಟಿದ ಅನುಭವವೇ ಆಗುವುದಿಲ್ಲ, ಅದೇ ಅಪಾಯ: ಮೈಗೆ ಗೊತ್ತಾಗುವುದು ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ, ಆಮ್ಲಜನಕ ಕಡಿಮೆಯಾದರೆ ಅಲ್ಲ. ಸಂವೇದಕವನ್ನು ನೆಲದಿಂದ ಒಂದಡಿ ಎತ್ತರದಲ್ಲೂ ಒಂದು ಹಾಕಿ, ತಣ್ಣನೆಯ ಆವಿ ಕೆಳಗೆ ಮಡುಗಟ್ಟುತ್ತೆ. ಲಿಫ್ಟಿನಲ್ಲಿ ಕ್ಯಾನ್ ಮಾತ್ರ ಕಳಿಸಿ, ಜೊತೆಯಲ್ಲಿ ಮನುಷ್ಯರು ಬೇಡ.

ದ್ರವದೊಳಗೆ ಯಾಕೆ ಮುಳುಗಿಸಬಾರದು ಅಂತ ಮೊದಲು ಹೇಳಿರಲಿಲ್ಲ. ವಯಲಿನ ಮುಚ್ಚಳದ ಸಂದಿಯಿಂದ ದ್ರವ ನುಸುಳಿ ಒಳಗೆ ಕೂರುತ್ತೆ. ಎತ್ತಿ ಬಿಸಿನೀರಿಗೆ ಹಿಡಿದಾಗ ಅದು ಆವಿಯಾಗಿ ವಯಲ್ ಕೈಯಲ್ಲೇ ಸಿಡಿಯಬಹುದು. ಹಾಗಾಗಿ ಮುಖಕವಚ ಇಲ್ಲದೆ ಎತ್ತಲೇಬಾರದು. ಎರಡನೆಯದು ಸೋಂಕು. 1995ರಲ್ಲಿ ಲಂಡನ್ನಿನಲ್ಲಿ ಒಂದೇ ಟ್ಯಾಂಕಿನಲ್ಲಿದ್ದ ಚೀಲಗಳ ನಡುವೆ ಹೆಪಟೈಟಿಸ್ ಬಿ ದಾಟಿದ್ದು ವರದಿಯಾಗಿದೆ. ದ್ರವವೇ ಅದನ್ನು ಸಾಗಿಸಿದ್ದು.

ಅಲಾರಂ ಬಗ್ಗೆಯೂ ಕೇಳಬೇಡಿ. 2018ರ ಮಾರ್ಚ್ 4ರ ವಾರಾಂತ್ಯದಲ್ಲಿ ಕ್ಲೀವ್‌ಲ್ಯಾಂಡ್‌ನ ಒಂದು ಫರ್ಟಿಲಿಟಿ ಕೇಂದ್ರದ ಟ್ಯಾಂಕ್ ಬೆಚ್ಚಗಾಗಿ 4,000ಕ್ಕೂ ಹೆಚ್ಚು ಅಂಡ, ಭ್ರೂಣಗಳು ಹೋದವು. ದೂರಕ್ಕೆ ಎಚ್ಚರಿಕೆ ಕಳಿಸಬೇಕಾದ ವ್ಯವಸ್ಥೆ ಆಫ್ ಆಗಿತ್ತು. ತಿಂಗಳಿಗೊಮ್ಮೆ ಸೆನ್ಸರ್ ಅನ್ನು ಬೇಕಂತಲೇ ಎತ್ತಿ, ಫೋನ್ ನಿಜವಾಗಿ ಬರುತ್ತದೋ ನೋಡಬೇಕು. ಒಂದೇ ಬ್ಯಾಚಿನ ವಯಲ್‌ಗಳನ್ನು ಎರಡು ಟ್ಯಾಂಕಿಗೆ ಹಂಚಿಡಬೇಕು.

ಸುಳಿಬಾಳೆ

-80 ಬಗ್ಗೆ ಒಂದು ತಿದ್ದುಪಡಿ, ಇಲ್ಲದಿದ್ದರೆ ಅನ್ಯಾಯವಾಗುತ್ತೆ. 2016ರಲ್ಲಿ ಫೈಕಾಲ್ 70 ಅನ್ನುವ ದೊಡ್ಡಣುವಿನ ಸಕ್ಕರೆಯನ್ನು 10%, ಡಿಎಂಎಸ್‌ಒ 10% ಬೆರೆಸಿ ಮಾನವ ಪ್ಲುರಿಪೊಟೆಂಟ್ (ಮೈಯ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ) ಕೋಶಗಳನ್ನು -80ರಲ್ಲೇ ಒಂದು ವರ್ಷ ಇಟ್ಟು ಎಬ್ಬಿಸಿದ ವರದಿ ಇದೆ. ಪಾಕ ಗಟ್ಟಿಯಾಗಿ ಹರಳು ಬೆಳೆಯಲು ಬಿಡುವುದಿಲ್ಲ. ಟ್ಯಾಂಕೇ ಇಲ್ಲದ ಕಡೆ ಅದು ಯೋಚಿಸುವಂಥದ್ದು.

ಹೆಪ್ಪು

ಒಪ್ಪಿದೆ. ಆದರೆ ಬಾಗಿಲು ದಿನಕ್ಕೆ ಇಪ್ಪತ್ತು ಸಲ ತೆಗೆಯುವ ಫ್ರೀಜರಿಗೆ ಫೈಕಾಲ್ ಕೂಡ ಏನು ಮಾಡೀತು. ಒಂದು ಬ್ಯಾಚ್ ಹಾಗೆ ಮಾಡಿ, ಅದರ ಅರ್ಧ ಟ್ಯಾಂಕಿನಲ್ಲಿಟ್ಟು, 3, 6, 12 ತಿಂಗಳಿಗೆ ಒಂದೊಂದು ವಯಲ್ ಎಬ್ಬಿಸಿ ಹೋಲಿಸಿ ನೋಡಿ, ಆಗ ಗೊತ್ತಾಗುತ್ತೆ.

ಹೊಸಚಿಗುರು

ಧನ್ಯವಾದ. ಥರ್ಮೋಕಪಲ್ ಅಳತೆ ಮೊದಲು, ಆಮೇಲೆ 35 ಲೀಟರ್ ಕ್ಯಾನ್. ಕೊನೆಯ ಪ್ರಶ್ನೆ: ಕ್ಯಾನಿನಲ್ಲಿ ಎಷ್ಟು ದ್ರವ ಉಳಿದಿದೆ ಅಂತ ತಕ್ಕಡಿ ಇಲ್ಲದೆ ನೋಡುವುದು ಹೇಗೆ?

ಸ್ಟ್ರಾ_ಬೆಳವಡಿ

ಕಟ್ಟಿಗಿ ಅಳತಿಪಟ್ಟಿ ಇಲ್ಲಾ ಕರಿ ಪ್ಲಾಸ್ಟಿಕ್ ಕಡ್ಡಿ. ತಳ ಮುಟ್ಟೂವಂಗ ಇಳಿಸಿ ಹತ್ತು ಎಣಸ್ರಿ, ತಗದು ಗಾಳ್ಯಾಗ ಬೀಸ್ರಿ. ದ್ರವದಾಗ ಇದ್ದಷ್ಟಕ್ಕ ಬೆಳ್ಳಗ ಮಂಜು ಕೂಡತೈತಿ, ಅದನ್ನ ಅಳೀರಿ. ಹದಿನೈದು ಸೆಂ.ಮೀ. ಕೆಳಗ ಬರೂಮುಂಚೆ ತುಂಬಸ್ರಿ. ಟೊಳ್ಳ ಪೈಪ್ ಮಾತ್ರ ಬ್ಯಾಡ್ರಿ, ಇಳಿಸಿದ ಕೂಡಲೆ ಒಳಗಿನ ದ್ರವ ಕುದ್ದು ಮ್ಯಾಲಿನ ತುದಿಯಿಂದ ಸೀದಾ ಮಕಕ್ಕ ಚಿಮ್ಮತೈತಿ.